ದಾವಣಗೆರೆಯಲ್ಲಿರುವ 72 ವರ್ಷದ ನಮ್ಮ ಅಮ್ಮನಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಬೇಕಾ?

ಬೇಕು, ಖಂಡಿತ ಹಾಕಿಸಿ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ. ಹೋದ ವರ್ಷದ್ದು ಈ ವರ್ಷಕ್ಕೆ ಸಾಲದು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಜಾಸ್ತಿ. ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ ಏರಬಹುದು. ಲಸಿಕೆ ಕೆಲಸ ಶುರು ಮಾಡಲು ಸುಮಾರು 2 ವಾರ ಬೇಕು, ಹಾಗಾಗಿ ಮೇ ತಿಂಗಳಲ್ಲೇ ಹಾಕಿಸಿದರೆ ಒಳ್ಳೆಯದು. ಲಸಿಕೆಯಿಂದಲೇ ಫ್ಲೂ ಬರುತ್ತೆ ಅಂತ ಹಿರಿಯರು ಹೆದರುತ್ತಾರೆ, ಅಲ್ವಾ? ಸೂಜಿಯಲ್ಲಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು.

ನನಗೆ ಹೆಚ್ಚು ಭಯ ಬೇರೆಯದು. ವಯಸ್ಸಾದವರಿಗೆ ಫ್ಲೂ ಬಂದರೂ ಕೆಲವೊಮ್ಮೆ ಜ್ವರವೇ ಕಾಣಿಸುವುದಿಲ್ಲ. ಸುಮ್ನೆ ಮಂಕಾಗಿ ಮಲಗುತ್ತಾರೆ, ಊಟ ಬಿಡುತ್ತಾರೆ, ಏನೇನೋ ಗೊಂದಲದಲ್ಲಿ ಮಾತಾಡುತ್ತಾರೆ. "ವಯಸ್ಸಾಯ್ತಲ್ಲ" ಅಂತ ಬಿಡಬೇಡಿ, ಅವತ್ತೇ ಡಾಕ್ಟರ್‌ಗೆ ತೋರಿಸಿ. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಶಾಪ್‌ನಿಂದ ತಂದ ಆಂಟಿಬಯಾಟಿಕ್‌ಗೆ ವೈರಸ್ ಬಗ್ಗುವುದಿಲ್ಲ. ನ್ಯುಮೋನಿಯಾ ಲಸಿಕೆ ಬಗ್ಗೆಯೂ ಕೇಳಿ. ಬೆಂಗಳೂರಿಂದ ಮೊಮ್ಮಕ್ಕಳು ಕೆಮ್ಮುತ್ತಾ ಬಂದರೆ, ವಾಸಿಯಾಗುವವರೆಗೆ ಅಜ್ಜಿ ಪಕ್ಕ ಮಲಗಿಸಬೇಡಿ.