ಬೇಸಿಗೆಯಲ್ಲಿ ಸೊಪ್ಪಿನಬೆಟ್ಟಕ್ಕೆ ಹೋಗೋಕೆ ಯಾವ ಬಟ್ಟೆ, ಯಾವ ಬೂಟು?

ಹೊಸನಗರ ಕಡೆಯ ತಮ್ಮ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಇದು. ಸೊಪ್ಪಿನಬೆಟ್ಟ ಅಂದ್ರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರೋ ಕಾಡುಗುಡ್ಡ. ನೀವು ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ಬಂದಿದೀನಿ ಅಂದ್ರಿ, ಜೀನ್ಸ್ ಹಾಕ್ಕೊಂಡು ಸೊಪ್ಪಿನಬೆಟ್ಟ ಸುತ್ತಿ ತೊಡೆಯೆಲ್ಲ ಬೆವರುಸಾಲೆ ಎದ್ದಿದೆ, ಆನ್‌ಲೈನಲ್ಲಿ ‘ಹಂಟಿಂಗ್’ ಅಂತ ಹೆಸರಿಟ್ಟು ಮಾರೋ ಪ್ಯಾಂಟು, ವಾಟರ್‌ಪ್ರೂಫ್ ಬೂಟು ಬಾಳಿಕೆ ಬರ್ತವಾ ಅಂತ ಕೇಳಿದ್ರಿ. ಬಾಳಿಕೆಯೇನೋ ಬರ್ತವೆ, ಆದ್ರೆ ನಮ್ಮ ಬೇಸಿಗೆಗೆ ಒಗ್ಗೋದಿಲ್ಲ. ಸಾಗರದ ಹತ್ತಿರ ಇಪ್ಪತ್ತೆರಡು ವರ್ಷದಿಂದ ಅಡಿಕೆ ತೋಟ ನೋಡ್ಕೊಳ್ತಾ, ಕೆಲಸದವರ ಜೊತೆ ನಾನೂ ದರಕು ಗುಡಿಸಿ ಹೊತ್ತವಳು. ಆ ಅನುಭವದ ಮೇಲೆ ಹೇಳ್ತಿದೀನಿ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಶಿಕಾರಿ ಅನ್ನೋದು ಅಪರಾಧ. ನೀವು ನೋಡಿದ ಬಟ್ಟೆಗಳಲ್ಲಿ ಹೆಚ್ಚಿನವು ಚಳಿ ದೇಶದ ಶಿಕಾರಿಯವರಿಗೆ ಹೊಲಿದವು. ಅವರು ಗಂಟೆಗಟ್ಟಲೆ ಅಲ್ಲಾಡದೆ ಒಂದೇ ಕಡೆ ಕೂರಬೇಕು. ಅದಕ್ಕೇ ದಪ್ಪ ಬಟ್ಟೆ, ಒಳಗೆ ಬೆಚ್ಚನೆಯ ಅಸ್ತರ, ಮೇಲೆ ಎಲೆ-ಕೊಂಬೆಯ ಚಿತ್ತಾರ. ನಾವು ಏಪ್ರಿಲ್ ಬಿಸಿಲಲ್ಲಿ ಗುಡ್ಡ ಹತ್ತಿ ಇಳಿಯೋರು. ಆ ಚಿತ್ತಾರದ ಬಟ್ಟೆ ಹಾಕ್ಕೊಂಡು ರಾತ್ರಿ ಹಂದಿ ಕಾಯೋಕೆ ಹೋದ್ರೆ ಪಕ್ಕದ ತೋಟದವರಿಗೂ ನೀವು ಕಾಣಿಸೋದಿಲ್ಲ, ಅದು ಜೀವಕ್ಕೇ ಅಪಾಯ.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಸೆಕೆಗಿಂತ ಮೊದಲು ಯೋಚನೆ ಮಾಡಬೇಕಾದ್ದು ಉಣುಗಿನ ಬಗ್ಗೆ, ಅಂದ್ರೆ ದನಕ್ಕೂ ಮನುಷ್ಯರಿಗೂ ಕಚ್ಚಿ ರಕ್ತ ಹೀರೋ ಸಣ್ಣ ಹುಳದ ಬಗ್ಗೆ. ಅದು ಕಚ್ಚಿ ಹರಡೋ ಮಂಗನ ಕಾಯಿಲೆ ಅನ್ನೋ ಜ್ವರ 1957ರಲ್ಲಿ ಮೊದಲು ಗೊತ್ತಾಗಿದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. 2019ರಲ್ಲಿ ನಮ್ಮದೇ ತಾಲೂಕಿನ ಅರಳಗೋಡು ಸುತ್ತ ಜನ ಸತ್ತಾಗ ನಾವು ತಿಂಗಳುಗಟ್ಟಲೆ ಬೆಟ್ಟದ ಕಡೆ ಕಾಲಿಟ್ಟಿರಲಿಲ್ಲ. ಡಿಸೆಂಬರಿಂದ ಮೇ ತನಕ ಅದರ ಕಾಲ, ನಾವು ದರಕು, ಸೊಪ್ಪು, ಕಟ್ಟಿಗೆ ಅಂತ ಓಡಾಡೋದೂ ಆಗಲೇ. ರೋಗ ಹೆಚ್ಚಾಗಿ ಅಂಟೋದು ಉಣುಗಿನ ಮರಿಗಳಿಂದ. ಸಾಸಿವೆ ಕಾಳಿನಷ್ಟೂ ಇರದ ಮರಿ ದರಕಿನಿಂದ ಪಾದಕ್ಕೆ ಹತ್ತಿ, ಅಲ್ಲಿಂದ ಮೇಲಕ್ಕೇ ಏರುತ್ತೆ. ಕಪ್ಪು ಪ್ಯಾಂಟಿನ ಮೇಲೆ ಅದು ಕಾಣೋದೇ ಇಲ್ಲ. ಅದಕ್ಕೇ ತಿಳಿ ಬಣ್ಣ ತಗೊಳ್ಳಿ: ಗಂಧದ ಬಣ್ಣ, ತಿಳಿ ಬೂದಿ, ಮಾಸಲು ಬಿಳಿ. ಬಿಸಿಲೂ ಕಮ್ಮಿ ಹೀರುತ್ತೆ. ಇನ್ನೊಂದು ವಿಷಯ, ಹೆಜ್ಜೇನು ಕೆರಳಿದಾಗ ಕಪ್ಪು ಬಣ್ಣದ ಮೇಲೇ ಜಾಸ್ತಿ ಬೀಳುತ್ತೆ.

ಬಟ್ಟೆಯ ವಿಷಯಕ್ಕೆ ಬರೋಣ. ಸೆಕೆಗೆ ಬರೀ ಕಾಟನ್ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ನಿಜ. ಬೆವರು ಆರೋವಾಗ ಮೈ ತಂಪಾಗೋದು. ಚಿತ್ರದುರ್ಗದ ಒಣಗಾಳಿಯಲ್ಲಿ ಕಾಟನ್ ಬೇಗ ಆರುತ್ತೆ. ನಮ್ಮಲ್ಲಿ ಮೇ ತಿಂಗಳಲ್ಲಿ ಮಳೆ ಮುಂಚಿನ ಧಗೆ ಕೂತ್ಕೊಂಡ್ರೆ ಗಾಳಿಯಲ್ಲೇ ನೀರು, ಕಾಟನ್ ಕುಡಿದ ಬೆವರು ಹಾಗೇ ಉಳಿದು ಬಟ್ಟೆ ತೊಡೆಗೆ ಅಂಟಿ ಉಜ್ಜುತ್ತೆ. ಹಾಗಾಗಿ ನಾನು ಶರ್ಟಿಗೆ ಮಾತ್ರ ತೆಳು ಕಾಟನ್ ಪಾಪ್ಲಿನ್ ತಗೋತೀನಿ, ಅದೂ ಒಂದು ಸೈಜು ದೊಡ್ಡದು, ತುಂಬುತೋಳಿನದು. ಪ್ಯಾಂಟಿಗೆ ಪಾಲಿಸ್ಟರ್ 65, ಕಾಟನ್ 35 ಸೇರಿದ ಬಟ್ಟೆ. ಅದು ಬೇಗ ಆರುತ್ತೆ, ಮುಳ್ಳಿಗೂ ತಡೆಯುತ್ತೆ. ನಿಮ್ಮ ಜೀನ್ಸ್ ಬಟ್ಟೆ ಚದರ ಮೀಟರಿಗೆ 400 ಗ್ರಾಂ ಆಸುಪಾಸು ಇರುತ್ತೆ, ಬೇಸಿಗೆಗೆ 180ರಿಂದ 220 ಗ್ರಾಂ ಸಾಕು. ರಿಪ್‌ಸ್ಟಾಪ್ ಅನ್ನೋ ನೇಯ್ಗೆ ಸಿಕ್ಕಿದ್ರೆ ಬಿಡಬೇಡಿ. ಹತ್ತಿರದಿಂದ ನೋಡಿದ್ರೆ ಸಣ್ಣ ಸಣ್ಣ ಚೌಕ ಕಾಣುತ್ತೆ, ಅಲ್ಲಲ್ಲಿ ದಪ್ಪ ಎಳೆ ಹಾಕಿರ್ತಾರೆ. ಮುಳ್ಳು ಸಿಕ್ಕಿ ಹರಿದ್ರೂ ಹರುಕು ಆ ದಪ್ಪ ಎಳೆ ಹತ್ತಿರ ನಿಲ್ಲುತ್ತೆ, ಪರ್ರಂತ ಉದ್ದಕ್ಕೆ ಹೋಗೋದಿಲ್ಲ. ಅಂಗಡಿಯಲ್ಲಿ ಬಟ್ಟೆಯನ್ನ ಬಾಯಿಗೆ ಒತ್ತಿ ಹಿಡಿದು ಊದಿ ನೋಡಿ. ಉಸಿರು ಆಚೆ ಬರದಿದ್ರೆ ನಿಮ್ಮ ಬೆವರೂ ಆಚೆ ಹೋಗೋದಿಲ್ಲ.

ರೆಡಿಮೇಡ್ ಬದಲು ಪೇಟೆಯ ಟೈಲರ್ ಹತ್ತಿರ ಹೊಲಿಸಿ. ಕಾಲು ಎರಡೂ ಕೂಡೋ ಜಾಗದಲ್ಲಿ ಒಂದು ಚೌಕದ ತುಂಡು ಕೊಡಿ ಅಂತ ಹೇಳಿ, ಕೂತು ಎದ್ದಾಗ ಹಿಡಿಯೋದಿಲ್ಲ, ಹೊಲಿಗೆ ಬಿಡೋದಿಲ್ಲ, ನಿಮ್ಮ ಬೆವರುಸಾಲೆಗೂ ಅದು ಅರ್ಧ ಮದ್ದು. ಮೊಣಕಾಲಿಗೆ ಎರಡು ಪದರ. ಕಾಲಿನ ತುದಿಗೆ ಗುಂಡಿ ಇರಲಿ, ವೆಲ್ಕ್ರೋ ಬೇಡ, ಹುಲ್ಲಿನ ಬೀಜ ಕಚ್ಚಿಕೊಂಡು ಒಂದೇ ತಿಂಗಳಿಗೆ ಹಿಡಿತ ಹೋಗುತ್ತೆ. ಟೀ ಶರ್ಟಿನಂಥ ಹೆಣಿಗೆಯ ಬಟ್ಟೆಯೂ ಬೇಡ. ನಸುಗುನ್ನಿ ಕಾಯಿ ಒಣಗೋ ಕಾಲದಲ್ಲಿ ಅದರ ರೋಮ ಹೆಣಿಗೆಯೊಳಗೆ ಸೇರಿತು ಅಂದ್ರೆ ಎರಡು ದಿನ ತುರಿಸ್ತಾ ಕೂರಬೇಕು.

ನಿಮ್ಮ ಮನೆ ಕೆಲಸಕ್ಕೆ ಬರೋ ಹೆಂಗಸರ ಬಟ್ಟೆ ಬಗ್ಗೆಯೂ ಯೋಚನೆ ಮಾಡಿ. ದರಕು ಗುಡಿಸೋರು ಹೆಚ್ಚಾಗಿ ಅವರೇ. ಸೀರೆ ಎತ್ತಿ ಕಟ್ಟಿ, ಮೇಲೆ ಗಂಡನ ಹಳೇ ಶರ್ಟು, ಮೊಣಕಾಲಿಂದ ಕೆಳಗೆ ಬರಿಗಾಲು. ಐದು ವರ್ಷದ ಹಿಂದೆ ನಾಲ್ಕು ಜನಕ್ಕೆ ತಿಳಿ ಬಣ್ಣದ ಪೈಜಾಮ, ಉದ್ದ ಸಾಕ್ಸು ಕೊಡಿಸಿದೆ. ಮೊದಲು ನಾಚಿಕೊಂಡ್ರು. ನಾನೂ ಅದನ್ನೇ ಹಾಕ್ಕೊಂಡು ಮುಂದೆ ನಡೆದೆ, ಆಮೇಲೆ ಎಲ್ಲರೂ ಹಾಕಿದ್ರು. ಈಗ ಡಿಸೆಂಬರ್ ಬಂದ್ರೆ ಅವರೇ ಕೇಳಿ ತಗೋತಾರೆ.

ಬೂಟಿನ ವಿಷಯದಲ್ಲಿ ನಾನೇ ದುಡ್ಡು ಕಳೆದುಕೊಂಡಿದೀನಿ. ಒಂದು ಅಂಗಡಿಯವರ ಮಾತು ನಂಬಿ ಒಳಗೆ ವಾಟರ್‌ಪ್ರೂಫ್ ಪದರ ಇರೋ ಬೂಟು ತಗೊಂಡೆ. ಆ ಪದರ ನೀರು ತಡೆಯುತ್ತೆ, ಬೆವರಿನ ಆವಿ ಮಾತ್ರ ಆಚೆ ಬಿಡುತ್ತೆ ಅಂತ ಹೇಳ್ತಾರೆ. ಅದು ಸುಳ್ಳಲ್ಲ, ಆದ್ರೆ ಹೊರಗಿನ ಗಾಳಿ ತಣ್ಣಗೆ, ಒಣಗಿದ್ದಾಗ ಮಾತ್ರ ಆವಿ ಚೆನ್ನಾಗಿ ಹೋಗುತ್ತೆ. ನಮ್ಮ ಧಗೆಯಲ್ಲಿ ಬೆವರೆಲ್ಲ ಒಳಗೇ ನಿಂತು ಬೆರಳ ಸಂದಿ ಬೆಂದು ಹುಣ್ಣಾಯ್ತು. ಹಳ್ಳ ದಾಟುವಾಗ ಮೇಲಿಂದ ನುಗ್ಗಿದ ನೀರೂ ಸಂಜೆ ತನಕ ಒಳಗೇ ಇತ್ತು. ಮಳೆಗಾಲ ಅಟ್ಟದಲ್ಲಿಟ್ಟು ಮುಂದಿನ ವರ್ಷ ತೆಗೆದರೆ ಅಟ್ಟೆ ಒಣಗಿದ ಬೆಲ್ಲದ ಹಾಗೆ ಪುಡಿಪುಡಿ. ಪಿಯು ಅಂತ ಬರೆದಿರೋ ಪಾಲಿಯುರೆಥೇನ್ ಅಟ್ಟೆ ತೇವದ ಗಾಳಿಯಲ್ಲಿ ಹಾಕ್ಕೊಳ್ಳದೆ ಇಟ್ಟರೂ ಹಾಗೆ ಕರಗುತ್ತೆ. ಮಲೆನಾಡಿಗೆ ರಬ್ಬರ್ ಅಟ್ಟೆಯೇ ಸರಿ.

ಈಗ ನಾವೆಲ್ಲ ಹಾಕೋದು ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ಸಿಗೋ ಕ್ಯಾನ್ವಾಸಿನ ಜಂಗಲ್ ಬೂಟು, ಕಣಕಾಲಿನ ಮೇಲೆ ಬರೋದು. ವಿಯೆಟ್ನಾಮಿನ ಕಾಡಲ್ಲಿ ಅಮೆರಿಕದ ಸೈನಿಕರು ಹಾಕ್ತಿದ್ದ ಬೂಟಿನಲ್ಲೂ ಮೇಲ್ಭಾಗ ಕ್ಯಾನ್ವಾಸ್, ಮುಂಗಾಲು-ಹಿಮ್ಮಡಿಗೆ ಮಾತ್ರ ಚರ್ಮ, ಪಾದದ ಒಳಬದಿಗೆ ನೀರು ಇಳಿಯೋಕೆ ತೂತು. ಸೆಕೆ ಕಾಡಿಗೆ ಬೂಟು ಹೇಗಿರಬೇಕು ಅನ್ನೋದಕ್ಕೆ ಅದು ಒಳ್ಳೇ ಮಾದರಿ: ನೀರು ಬರಲಿ, ಆದ್ರೆ ಬಂದ ನೀರು ಹೋಗಲಿ, ಬೇಗ ಆರಲಿ. ಅಟ್ಟೆಯ ಹಲ್ಲುಗಳ ಮಧ್ಯೆ ಜಾಗ ಅಗಲ ಇರಲಿ, ಮಣ್ಣು ಕಚ್ಚಿಕೊಳ್ಳೋದಿಲ್ಲ. ಒಣ ದರಕಿನ ಮೇಲೆ ಜಾರೋದು ಕೆಸರಲ್ಲಿ ಜಾರಿದ ಹಾಗೇ ಅಪಾಯ, ಹಲ್ಲು ಸವೆದ ಬೂಟು ಹಾಕ್ಕೊಂಡು ಇಳಿಜಾರಿಗೆ ಹೋಗಬೇಡಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತೆ, ಆಗಲೇ ಹೋಗಿ ನಿಮ್ಮದೇ ಸಾಕ್ಸು ಹಾಕಿ ಅಳತೆ ನೋಡಿ, ಹೆಬ್ಬೆರಳ ಮುಂದೆ ಅರ್ಧ ಇಂಚು ಬಿಡಿ. ಸಾಕ್ಸು ಬರೀ ಕಾಟನ್ ಬೇಡ, ನೈಲಾನ್ ಅಥವಾ ಉಣ್ಣೆ ಸೇರಿದ್ದು ಇರಲಿ. ಬುತ್ತಿ ಜೊತೆ ಒಂದು ಒಣ ಜೊತೆ ಇಟ್ಟುಕೊಂಡು ಮಧ್ಯಾಹ್ನ ಬದಲಿಸಿ.

ಗಂಬೂಟು ಬೇಡವೇ ಅಂತ ಕೇಳಬಹುದು. ಸೆಕೆ ಜಾಸ್ತಿ, ನಿಜ. ಆದ್ರೆ ಮುಸ್ಸಂಜೆ ಮೇಲೆ ನೀರು ಬಿಡೋಕೆ ಹೋಗುವಾಗ, ದರಕಿನ ರಾಶಿ ಎತ್ತುವಾಗ ನಾನು ಗಂಬೂಟೇ ಹಾಕೋದು. ಹಾವು ಕಚ್ಚೋದು ಹೆಚ್ಚಾಗಿ ಪಾದ, ಕಣಕಾಲಿಗೆ. ಮೂತಿ ಮೇಲೆ ಉಬ್ಬಿರೋ ಚಿಕ್ಕ ಮಂಡಲದ ಹಾವು ದರಕಿನ ಬಣ್ಣದಲ್ಲೇ ಮಲಗಿರುತ್ತೆ. ನಮ್ಮ ಆಸ್ಪತ್ರೆಗಳಲ್ಲಿ ಇರೋ ಹಾವಿನ ಮದ್ದು ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲಕ್ಕೆ ತಯಾರಿಸಿದ್ದು, ಈ ಹಾವಿಗೆ ಅದು ನಾಟೋದಿಲ್ಲ. ಹಾಗಾಗಿ ಅಲ್ಲಿ ಸೆಕೆ ಲೆಕ್ಕ ಬೇಡ.

ಹೊರಡೋ ಮುಂಚೆ ಪ್ಯಾಂಟನ್ನ ಸಾಕ್ಸಿನೊಳಗೆ, ಶರ್ಟನ್ನ ಪ್ಯಾಂಟಿನೊಳಗೆ ಸೇರಿಸಿ. ಆಶಾ ಕಾರ್ಯಕರ್ತೆಯರ ಹತ್ತಿರ ಉಣುಗು ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ಸಿಗುತ್ತೆ, ಕೈಕಾಲಿಗೆ ಹಚ್ಚಿಕೊಳ್ಳಿ. ದನದ ಉಣುಗಿಗೆ ಹೊಡೆಯೋ ಔಷಧಿಯಲ್ಲಿ ಬಟ್ಟೆ ಅದ್ದೋರು ಇದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಬೆವರಿನ ಜೊತೆ ಅದು ಇಡೀ ದಿನ ಮೈಗೆ ತಾಗ್ತಿರುತ್ತೆ. ವಾಪಸ್ ಬಂದ ಬಟ್ಟೆ ಮನೆಯೊಳಗೆ ತರಬೇಡಿ, ಹೊರಗೇ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಚ್ಚಿರೋ ಉಣುಗನ್ನ ಚಿಮುಟದಿಂದ ಬುಡದಲ್ಲಿ ಹಿಡಿದು ನೇರ ಎಳೀರಿ, ಉಗುರಲ್ಲಿ ಕುಕ್ಕಬೇಡಿ. ಆಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ಮುರಿದ ಹಾಗೆ ನೋವು ಬಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಮೊದಲೇ ಹೇಳಿ.

ನಿಮ್ಮ ಜೀನ್ಸನ್ನ ಬಿಸಾಡಬೇಡಿ. ಮೊಣಕಾಲಿಂದ ಕೆಳಗಿನ ಭಾಗ ಕತ್ತರಿಸಿ, ಮೇಲೆ ಎಲಾಸ್ಟಿಕ್, ಕೆಳಗೆ ಬೂಟಿನ ಅಡಿಗೆ ಸಿಕ್ಕಿಸೋ ಒಂದು ಪಟ್ಟಿ ಹೊಲಿಸಿದ್ರೆ ಕಾಲಿಗೆ ಕಟ್ಟೋ ಗೇಟರ್ ಆಗುತ್ತೆ. ಬೂಟಿನ ಬಾಯಿ ಮುಚ್ಚಿಕೊಂಡು ಕಸ, ಉಣುಗು ಒಳಗೆ ಹೋಗೋದಿಲ್ಲ. ನಮ್ಮನೆಯವರ ಹಳೇ ಜೀನ್ಸಿಂದ ಮಾಡಿದ್ದು ಮೂರನೇ ಬೇಸಿಗೆಗೂ ಗಟ್ಟಿಯಾಗೇ ಇದೆ.