ಗಿಟಾರ್ ತಲೆ ಹಿಂದಕ್ಕೆ ಬಾಗ್ಬೇಕು, ಮರ ಸಾಲ್ತಿಲ್ಲ!

ಪ್ರಶ್ನೆ: ಸರ್, ಮನೇಲೇ ಗಿಟಾರ್ ಮಾಡ್ತಿದೀನಿ. ಮೈಸೂರು ರೋಡಲ್ಲಿ 1 ಇಂಚು ದಪ್ಪದ ತೇಗದ ಪಟ್ಟಿ ಸಿಕ್ತು. ಹೆಡ್‌ಸ್ಟಾಕ್ (ತಂತಿ ಬಿಗಿಸೋ ತಲೆ ಭಾಗ) ಬೇರೆ ತುಂಡು ಅಂಟಿಸಿದ್ರೆ ತಂತಿ ಎಳೆತಕ್ಕೆ ಕಿತ್ಕೊಂಡು ಬರಲ್ವಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಬರಲ್ಲ ಕಣ್ರೀ, ಸರಿಯಾಗಿ ಅಂಟಿಸಿದ್ರೆ ಒಂದೇ ಮರದಲ್ಲಿ ಕೆತ್ತಿದ್ದಕ್ಕಿಂತ ಗಟ್ಟಿ, ಯಾಕಂದ್ರೆ ಒಂದೇ ಮರ ಆದ್ರೆ ಬಾಗೋ ಜಾಗದಲ್ಲಿ ನಾರು ಅಡ್ಡಡ್ಡ ತುಂಡಾಗಿರುತ್ತೆ, ಗಿಟಾರ್ ಬಿದ್ರೆ ಅಲ್ಲೇ ಲಟಕ್ ಅನ್ನುತ್ತೆ. ಹೀಗೆ ಓರೆಯಾಗಿ ಕೊಯ್ದು ಅಂಟಿಸೋದಕ್ಕೆ ಸ್ಕಾರ್ಫ್ ಜಾಯಿಂಟ್ ಅಂತಾರೆ. ಪಟ್ಟೀನ 14 ಡಿಗ್ರಿ ಓರೆಯಾಗಿ ಕೊಯ್ಯಿರಿ, ಸುಮಾರು 4 ಇಂಚು ಉದ್ದದ ಇಳಿಜಾರು ಬರುತ್ತೆ. ಎರಡು ಇಳಿಜಾರೂ ಒಂದೇ ಸಮಕ್ಕೆ ಬರೋ ಹಂಗೆ ತುಂಡುಗಳನ್ನ ಒಂದರ ಮೇಲೊಂದು ಇಟ್ಟು ಕ್ಲ್ಯಾಂಪ್ ಹಾಕಿ ಒಟ್ಟಿಗೇ ಕೀಸುಳಿ ಹೊಡೀರಿ, ಇಲ್ಲಿ ಮಾತ್ರ ಅವಸರ ಬೇಡ, ಬೆಳಕಿಗೆ ಹಿಡಿದ್ರೆ ಸಂದು ಕಾಣ್ಬಾರ್ದು. ಆಮೇಲೆ ಸಣ್ಣ ತುಂಡಿನ ಇಳಿಜಾರನ್ನ ನೆಕ್ಕಿನ (ಗಿಟಾರ್ ಕತ್ತಾಗೋ ಉದ್ದ ತುಂಡು) ಅಡಿಗೆ ಅಂಟಿಸಿ, ನೆಕ್ಕಿನ ಇಳಿಜಾರೇ ಹೆಡ್‌ಸ್ಟಾಕ್ ಮುಖವಾಗಿ ಮುಂದುವರಿಯುತ್ತೆ.

ತೇಗದಲ್ಲಿ ಎಣ್ಣೆ ಜಾಸ್ತಿ, ಅಂಟು ಹಾಕೋಕೆ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಕ್ಲ್ಯಾಂಪ್ ಬಿಗಿ ಮಾಡಿದಾಗ ತುಂಡು ಜಾರುತ್ತೆ (ನಂದೂ ಜಾರಿತ್ತು!), ಅದಕ್ಕೇ ಮುಂದೆ ಕತ್ತರಿಸಿ ಬಿಸಾಕೋ ಅಂಚಲ್ಲಿ ಎರಡು ಸಣ್ಣ ಮೊಳೆ ಹೊಡ್ಕೊಳ್ಳಿ. 24 ಗಂಟೆ ಮುಟ್ಬೇಡಿ.