ಗರಗಸ, ಉಳಿ, ಸ್ಯಾಂಡ್‌ಪೇಪರ್ ಇಷ್ಟರಲ್ಲೇ ಮನೇಲಿ ಗಿಟಾರ್ ಮಾಡೋಕಾಗುತ್ತಾ?

ಖಂಡಿತ ಆಗುತ್ತೆ, ಆದ್ರೆ ಮೊದಲನೇದು ಮೂರು ತಂತಿಯ ಬಾಕ್ಸ್ ಗಿಟಾರೇ ಮಾಡಿ, ತೆಳು ಪ್ಲೈವುಡ್ ಡಬ್ಬಿ, ಕುತ್ತಿಗೆಗೆ ಚೆನ್ನಾಗಿ ಒಣಗಿದ ತೇಗದ ಪಟ್ಟಿ ಸಾಕು, ಪಟ್ಟಿ ಡಬ್ಬಿಯೊಳಗೆ ಆ ತುದಿವರೆಗೂ ಹಾದುಹೋದ್ರೆ ತಂತಿ ಎಳೆತ ಅದೇ ಹೊರುತ್ತೆ. ನಿಜವಾದ ಕೆಲಸ ಇರೋದು ಫ್ರೆಟ್, ಅಂದ್ರೆ ಕುತ್ತಿಗೆ ಮೇಲೆ ಅಡ್ಡಕ್ಕೆ ಕೂರಿಸೋ ಲೋಹದ ಕಡ್ಡಿಗಳ ಅಳತೇಲಿ. ನಟ್‌ನಿಂದ (ಕುತ್ತಿಗೆ ತುದೀಲಿ ತಂತಿ ಕೂರೋ ಪಟ್ಟಿ) ಬ್ರಿಡ್ಜ್‌ಗೆ (ಡಬ್ಬಿ ಮೇಲೆ ತಂತಿ ಕೂರೋ ಪಟ್ಟಿ) 635 ಮಿ.ಮೀ. ಇಟ್ರೆ ಅದನ್ನ 17.817ರಿಂದ ಭಾಗಿಸಿ, 35.6 ಬರುತ್ತಲ್ಲ, ನಟ್‌ನಿಂದ ಅಷ್ಟು ದೂರಕ್ಕೆ ಮೊದಲ ಫ್ರೆಟ್, ಉಳಿದ ಉದ್ದವನ್ನ ಮತ್ತೆ ಅದೇ ಸಂಖ್ಯೆಯಿಂದ ಭಾಗಿಸ್ತಾ ಹೋಗಿ, 12ನೇದು ಸರಿಯಾಗಿ ಅರ್ಧಕ್ಕೆ, 317.5ಕ್ಕೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಗರಗಸ ಮುಟ್ಟಲೇಬೇಡಿ. ಫಿನಿಶಿಂಗ್‌ಗೆ 120, 220, 400 ನಂಬರಿನ ಸ್ಯಾಂಡ್‌ಪೇಪರಲ್ಲಿ ಮರದ ಎಳೆಗುಂಟ ಉಜ್ಜಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹತ್ತಿಬಟ್ಟೆಯಲ್ಲಿ ತೆಳ್ಳಗೆ ಸವರಿ, ದಪ್ಪಗೆ ವಾರ್ನಿಷ್ ಬಳಿದ್ರೆ ಮೇಲಿನ ಹಲಗೆ ಕಂಪಿಸದೆ ದನಿ ಮಂಕಾಗುತ್ತೆ. ಮೂರು ತಂತಿಗಳ ಶ್ರುತಿ ಪಾಶ್ಚಾತ್ಯ ಸ್ವರ ಜಿ-ಡಿ-ಜಿಗೆ ಇಡಿ.